ನಾವು ಆಡಿದ ಮಾರಿಯೋ ಸ್ವಲ್ಪ ನಿಧಾನ

ಕಳೆದ ದಸರಾ ರಜೆಯಲ್ಲಿ ಊರಿನ ಮನೆಯ ಅಟ್ಟ ಗುಡಿಸುವಾಗ ನಮ್ಮ ಹಳೇ ಟಿವಿ ಗೇಮ್ ಸಿಕ್ಕಿತು. ಎರಡು ರಿಮೋಟ್, ಒಂದು ಗನ್, ನಾಲ್ಕು ಕ್ಯಾಸೆಟ್. ಒಂದರ ಮೇಲೆ '9999 ಇನ್ 1' ಎಂದು ದೊಡ್ಡದಾಗಿ ಬರೆದಿತ್ತು. ಅದರಲ್ಲಿ ನಿಜವಾಗಿ ಇರುತ್ತಿದ್ದದ್ದು ಬೆರಳೆಣಿಕೆಯ ಗೇಮ್‌ಗಳು ಅನ್ನುವುದು ನಮ್ಮ ಕಾಲದ ಮಕ್ಕಳಿಗೆಲ್ಲ ಗೊತ್ತು. ಅದೇ ಮಾರಿಯೋ, ಒಂದು ಸಲ ಎರಡನೇ ಲೆವೆಲ್‌ನಿಂದ, ಇನ್ನೊಂದು ಸಲ ಐದನೆಯದರಿಂದ.

ನಾನು ಅದನ್ನು ಒರೆಸುತ್ತಾ ಕೂತಿದ್ದಾಗ ಅಣ್ಣನ ಮಗ ಬಂದ. ಅವನಿಗೆ ಹತ್ತು ವರ್ಷ. "ಇದು ನನ್ ಫೋನಲ್ಲೇ ಇದೆ" ಎಂದು ಮಾರಿಯೋ ಹಾಕಿಕೊಟ್ಟ. ಅದು ಅವನ ಫೋನಿಗೆ ಎಲ್ಲಿಂದ ಬಂತು ಅಂತ ನಾನು ಕೇಳಲಿಲ್ಲ. ಆಡಿದೆ. ಮೊದಲ ಗುಂಡಿಗೇ ಬಿದ್ದೆ. ಮತ್ತೆ ಆಡಿದೆ, ಮತ್ತೆ ಬಿದ್ದೆ. ವಯಸ್ಸಾಯಿತು ಅಂದುಕೊಂಡೆ. ಆಮೇಲೆ ಗೊತ್ತಾಯಿತು, ತಪ್ಪು ಪೂರ್ತಿ ನನ್ನದಲ್ಲ. ಆ ಮಾರಿಯೋ ನಿಜವಾಗಿಯೂ ನಮ್ಮವನಿಗಿಂತ ಜೋರಾಗಿ ಓಡುತ್ತಿದ್ದ.

ನಮ್ಮಲ್ಲಿ 'ಮೀಡಿಯಾ', 'ಲಿಟಲ್ ಮಾಸ್ಟರ್' ಅಂತೆಲ್ಲ ಹೆಸರು ಹೊತ್ತು ಬಂದ ಪೆಟ್ಟಿಗೆಗಳು ಜಪಾನಿನ ನಿಂಟೆಂಡೋ ಕಂಪನಿಯ ಫ್ಯಾಮಿಕಾಮ್ ಯಂತ್ರದ ನಕಲುಗಳು. ಅಸಲಿ ಯಂತ್ರ 1983ರ ಜುಲೈನಲ್ಲಿ ಜಪಾನಿನಲ್ಲಿ ಬಂತು. ಅಮೆರಿಕಕ್ಕೆ 1985ರಲ್ಲಿ ಹೋದಾಗ ಅದರ ಹೆಸರು ಎನ್‌ಇಎಸ್ ಆಯಿತು. ಆ ಎರಡೂ ದೇಶಗಳಲ್ಲಿ ಆಗ ಟಿವಿ ಎನ್‌ಟಿಎಸ್‌ಸಿ ಪದ್ಧತಿಯದು, ಸೆಕೆಂಡಿಗೆ 60 ಸಲ ಚಿತ್ರ ಬದಲಾಗುತ್ತಿತ್ತು. ನಮ್ಮದು ಪಾಲ್ ಪದ್ಧತಿ, ಸೆಕೆಂಡಿಗೆ 50. ಆಗಿನ ಗೇಮ್‌ಗಳಿಗೆ ಬೇರೆ ಗಡಿಯಾರ ಇರಲಿಲ್ಲ. ಚಿತ್ರ ಎಷ್ಟು ಸಲ ಬದಲಾಯಿತು ಅಂತ ಎಣಿಸಿಯೇ ಹೊತ್ತು ಅಳೆಯುತ್ತಿದ್ದವು. ಹಾಗಾಗಿ 60ಕ್ಕೆಂದು ಬರೆದ ಗೇಮ್ 50ರಲ್ಲಿ ಓಡಿದರೆ ಆರರಲ್ಲಿ ಒಂದು ಪಾಲು ನಿಧಾನ. ಮಾರಿಯೋದಲ್ಲಿ ಮೇಲೆ 400ರಿಂದ ಇಳಿಯುವ ಟೈಮ್ ಇದೆಯಲ್ಲ, ಅದರಲ್ಲಿ ಒಂದು ಅಂಕಿ ಇಳಿಯಲು 24 ಚಿತ್ರ ಬೇಕು. ಅಮೆರಿಕದ ಹುಡುಗನಿಗೆ ಸಿಗುತ್ತಿದ್ದದ್ದು 160 ಸೆಕೆಂಡ್. ನಮಗೆ 192. ಅರ್ಧ ನಿಮಿಷ ಬೋನಸ್!

ಈಗ ಆ ಹಳೇ ಮಾರಿಯೋ ಬೇಕು ಅಂದರೆ ಎರಡು ದಾರಿ. ಪೆಟ್ಟಿಗೆಗೆ ಜೀವ ಕೊಡಬಹುದು, ಇಲ್ಲವೇ ಕಂಪ್ಯೂಟರಿನಲ್ಲಿ ಎಮ್ಯುಲೇಟರ್ ಎಂಬ ಸಾಫ್ಟ್‌ವೇರ್ ಹಾಕಿಕೊಳ್ಳಬಹುದು. ನಾನು ಎರಡನ್ನೂ ಮಾಡಿದೆ.

ಮೊದಲು ಅಡಾಪ್ಟರ್

ಪೆಟ್ಟಿಗೆ ಸಿಕ್ಕ ಖುಷಿಗೆ ಮನೆಯಲ್ಲಿರುವ ಯಾವುದೋ ಅಡಾಪ್ಟರ್ ಚುಚ್ಚಬೇಡಿ. ನಾನು ಚುಚ್ಚಿದೆ. ಸುಟ್ಟ ವಾಸನೆ ಬಂತು, ಒಂದು ಕೆಪ್ಯಾಸಿಟರ್ ಹೋಯಿತು. ಪಿನ್ ಸರಿಯಾಗಿ ಕೂತರೆ ಸಾಕು ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಜಪಾನಿನ ಅಸಲಿ ಫ್ಯಾಮಿಕಾಮ್‌ಗೆ 10 ವೋಲ್ಟ್ ಡಿಸಿ ಬೇಕು, ಪಿನ್ನಿನ ನಡುಭಾಗ ಮೈನಸ್. ಅಮೆರಿಕದ ಎನ್‌ಇಎಸ್ ಅಡಾಪ್ಟರ್ ಕೊಡುವುದು 9 ವೋಲ್ಟ್ ಎಸಿ. ಅದನ್ನು ಫ್ಯಾಮಿಕಾಮ್‌ಗೆ ಹಾಕಿದರೆ ಕಥೆ ಮುಗಿಯಿತು. ಜಪಾನಿನಿಂದ ತರಿಸಿದ ಅಡಾಪ್ಟರ್ 100 ವೋಲ್ಟ್ ಗೋಡೆ ಕರೆಂಟಿಗೆ ಮಾಡಿದ್ದು, ನಮ್ಮ 230ಕ್ಕೆ ಅದೂ ಆಗದು. ನಕಲಿ ಪೆಟ್ಟಿಗೆಗಳಲ್ಲಿ ಹೆಚ್ಚಿನವು 9 ವೋಲ್ಟ್ ಡಿಸಿ. ಆದರೆ ಪ್ಲಸ್ ಒಳಗೋ ಹೊರಗೋ ಅನ್ನುವುದನ್ನು ಪೆಟ್ಟಿಗೆಯ ತಳದ ಲೇಬಲ್ ನೋಡಿಯೇ ತೀರ್ಮಾನಿಸಿ. ಲೇಬಲ್ ಅಳಿಸಿಹೋಗಿದ್ದರೆ ರೇಡಿಯೋ ರಿಪೇರಿಯವರಿಗೆ ತೋರಿಸಿ, ಮಲ್ಟಿಮೀಟರ್ ಇಟ್ಟು ಎರಡು ನಿಮಿಷದಲ್ಲಿ ಹೇಳುತ್ತಾರೆ. ನನ್ನ ಕೆಪ್ಯಾಸಿಟರ್ ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಸಿಕ್ಕಿತು. ಒಂದೇ ಕೇಳಿದ್ದಕ್ಕೆ ಅಂಗಡಿಯವರು ನಕ್ಕು ಐದು ಕೊಟ್ಟರು.

ಕ್ಯಾಸೆಟ್ ಊದಬೇಡಿ

ಹೌದು, ನಾವೆಲ್ಲ ಊದಿದ್ದೇವೆ. ಊದಿದ ಮೇಲೆ ಕೆಲಸ ಮಾಡುತ್ತಿತ್ತು ಕೂಡ. ಆದರೆ ಕೆಲಸ ಮಾಡಿದ್ದು ಉಸಿರಲ್ಲ, ಕ್ಯಾಸೆಟ್ ತೆಗೆದು ಮತ್ತೆ ಹಾಕಿದ್ದು. ಬಾಯಿಯ ತೇವ ತಾಮ್ರದ ಪಿನ್ನುಗಳಿಗೆ ಕಿಲುಬು ಹಿಡಿಸುತ್ತದೆ.

ಐಸೋಪ್ರೊಪೈಲ್ ಆಲ್ಕೋಹಾಲ್ ತನ್ನಿ. 90 ಪರ್ಸೆಂಟಿಗಿಂತ ಜಾಸ್ತಿ ಇರುವುದೇ ಬೇಕು. ಕಿವಿಗೆ ಹಾಕುವ ಹತ್ತಿಕಡ್ಡಿ ಅದ್ದಿ ಪಿನ್ನುಗಳನ್ನು ಮೇಲಿಂದ ಕೆಳಗೆ ಉಜ್ಜಿ. ಕಡ್ಡಿ ಕಪ್ಪಾಗುತ್ತದೆ, ಬಿಸಾಕಿ ಇನ್ನೊಂದು ತೆಗೆದುಕೊಳ್ಳಿ. ಕಪ್ಪು ಬರುವುದು ನಿಂತ ಮೇಲೆ ಐದು ನಿಮಿಷ ಒಣಗಲು ಬಿಡಿ. ನನ್ನ ನಾಲ್ಕರಲ್ಲಿ ಮೂರು ಹೀಗೇ ಎದ್ದು ಕೂತವು. ರಿಮೋಟ್ ಬಟನ್ ಸರಿಯಾಗಿ ಒತ್ತದಿದ್ದರೂ ಇದೇ ಮದ್ದು. ಹಿಂದಿನ ಸ್ಕ್ರೂ ಬಿಚ್ಚಿ, ಒಳಗಿನ ಬೋರ್ಡಿನ ಕಪ್ಪು ಜಾಗ ಒರೆಸಿ. ರಬ್ಬರನ್ನು ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಹೊರಗಿನಿಂದ ಕ್ಯಾಸೆಟ್ ತರಿಸುವವರಿಗೆ ಒಂದು ಮಾತು. ಫ್ಯಾಮಿಕಾಮ್ ಕ್ಯಾಸೆಟ್‌ಗೆ 60 ಪಿನ್, ಎನ್‌ಇಎಸ್ ಕ್ಯಾಸೆಟ್‌ಗೆ 72. ನಮ್ಮ ಪೆಟ್ಟಿಗೆಗಳಿಗೆ ಹೋಗುವುದು 60ರದ್ದು.

ಟಿವಿ, ಮತ್ತು ಬಾತುಕೋಳಿ

ಹಳೇ ದಪ್ಪ ಟಿವಿ ಮನೆಯಲ್ಲಿದ್ದರೆ ಗುಜರಿಗೆ ಹಾಕಬೇಡಿ. ಈ ಗೇಮ್‌ಗಳಿಗೆ ಅದಕ್ಕಿಂತ ಒಳ್ಳೆಯ ಟಿವಿ ಇಲ್ಲ. ಆದರೆ ಅದು ಕೆಟ್ಟಿದ್ದರೆ ನೀವೇ ಬಿಚ್ಚಲು ಹೋಗಬೇಡಿ. ಪ್ಲಗ್ ತೆಗೆದ ಮೇಲೂ ಒಳಗೆ ಹೈ ವೋಲ್ಟೇಜ್ ಉಳಿದಿರುತ್ತದೆ.

ಹೊಸ ಟಿವಿಯಲ್ಲಿ ಹಳದಿ-ಬಿಳಿ ಎವಿ ವೈರ್ ಹಾಕಿ. ತುಂಬಾ ಟಿವಿಗಳಲ್ಲಿ ಅದಕ್ಕೆ ಇಯರ್‌ಫೋನ್ ತೂತಿನಂಥ ಒಂದೇ ಜಾಗ ಇರುತ್ತದೆ, ಅದಕ್ಕೆ ಬೇರೆ ಕನೆಕ್ಟರ್ ಬೇಕು. ಎಲ್ಲ ಕನೆಕ್ಟರ್‌ಗಳ ಒಳ ವೈರಿಂಗ್ ಒಂದೇ ಥರ ಇರುವುದಿಲ್ಲ. ಚಿತ್ರದ ಬದಲು ಬರೀ ಗುಂಯ್ ಅನ್ನುವ ಸದ್ದು ಬಂದರೆ ಪೆಟ್ಟಿಗೆ ಸತ್ತಿದೆ ಅಂದುಕೊಳ್ಳುವ ಮೊದಲು ಬಣ್ಣಗಳನ್ನು ಅದಲುಬದಲು ಮಾಡಿ ನೋಡಿ.

ಚಿತ್ರ ಬಂತು ಅಂದುಕೊಳ್ಳಿ. ಈಗ ಬಟನ್ ಒತ್ತಿದ ಮೇಲೆ ಮಾರಿಯೋ ಸ್ವಲ್ಪ ತಡವಾಗಿ ಹಾರುತ್ತಾನೆ. ಪೆಟ್ಟಿಗೆಯ ಸಣ್ಣ ಚಿತ್ರವನ್ನು ದೊಡ್ಡ ಪರದೆಗೆ ಹಿಗ್ಗಿಸಲು ಟಿವಿಗೆ ಹೊತ್ತು ಬೇಕು, ಆ ತಡ ಇದು. ಟಿವಿಯ ಸೆಟ್ಟಿಂಗಿನಲ್ಲಿ ಗೇಮ್ ಮೋಡ್ ಹಾಕಿದರೆ ಎಷ್ಟೋ ಪರವಾಗಿಲ್ಲ. ಎವಿಯನ್ನು ಎಚ್‌ಡಿಎಂಐ ಮಾಡುವ ಅಗ್ಗದ ಡಬ್ಬಿಗಳನ್ನು ಮಾತ್ರ ಕೊಳ್ಳಬೇಡಿ. ಅವು ಈ ಹಳೇ ಸಿಗ್ನಲ್ಲನ್ನು ತಪ್ಪು ತಿಳಿದುಕೊಂಡು ಚಿತ್ರವನ್ನೂ ಕಲಸುತ್ತವೆ, ತಡವನ್ನೂ ಹೆಚ್ಚಿಸುತ್ತವೆ. ರೆಟ್ರೋಟಿಂಕ್‌ನಂಥ ಒಳ್ಳೆಯ ಡಬ್ಬಿಗಳಿವೆ, ಬೆಲೆ ಕೇಳಿ ನಾನು ಸುಮ್ಮನಾದೆ.

ಬಾತುಕೋಳಿ ಹೊಡೆಯುವ ಡಕ್ ಹಂಟ್ ಗೇಮಿನ ಗನ್? ಹೊಸ ಟಿವಿಯಲ್ಲಿ ಆಗುವುದಿಲ್ಲ. ಗನ್ನಿನಿಂದ ಏನೂ ಹೊರಗೆ ಹೋಗುವುದಿಲ್ಲ, ಅದು ಬರೀ ನೋಡುತ್ತದೆ. ಟ್ರಿಗರ್ ಎಳೆದ ಕೂಡಲೇ ಪರದೆ ಒಂದು ಕ್ಷಣ ಪೂರ್ತಿ ಕಪ್ಪಾಗುತ್ತದೆ, ಮರುಕ್ಷಣ ಬಾತುಕೋಳಿ ಇದ್ದ ಜಾಗದಲ್ಲಿ ಬಿಳಿ ಚೌಕ ಮೂಡುತ್ತದೆ. ಗನ್ನಿನ ಮೂತಿಯಲ್ಲಿರುವ ಕಣ್ಣಿಗೆ ಮೊದಲು ಕತ್ತಲೆ, ಆಮೇಲೆ ಬೆಳಕು ಕಂಡರೆ ಬಾತುಕೋಳಿ ಬಿತ್ತು. ಟಿವಿ ಸ್ವಲ್ಪ ತಡ ಮಾಡಿದರೂ ಬಿಳಿ ಚೌಕ ಬರುವಷ್ಟರಲ್ಲಿ ಗೇಮ್ ಲೆಕ್ಕ ಮುಗಿಸಿರುತ್ತದೆ. ಗುರಿ ತಪ್ಪಿತೆಂದು ಗೇಮಿನ ನಾಯಿ ನಗುತ್ತದೆ. ಗನ್ ಮೂತಿಯನ್ನು ಗಾಜಿಗೇ ಒತ್ತಿ ಹೊಡೆಯುತ್ತಿದ್ದೆವಲ್ಲ, ಆ ಮೋಸವೂ ಇಲ್ಲಿ ನಡೆಯದು.

ಎಮ್ಯುಲೇಟರ್‌ನಲ್ಲಿ 'ನಮ್ಮ' ಮಾರಿಯೋ

ಎಮ್ಯುಲೇಟರ್ ಅಂದರೆ ಹಳೇ ಯಂತ್ರದ ವೇಷ ಹಾಕುವ ಸಾಫ್ಟ್‌ವೇರ್. ಕಂಪ್ಯೂಟರಿಗೆ ಮೆಸೆನ್ ಚೆನ್ನಾಗಿದೆ, ಉಚಿತ. ಆಂಡ್ರಾಯ್ಡ್ ಫೋನಿಗೆ ರೆಟ್ರೋಆರ್ಕ್ ಹಾಕಿ, ಅದರೊಳಗೆ ಎಫ್‌ಸಿಇಯುಎಂಎಂ ಅಥವಾ ನೆಸ್ಟೋಪಿಯಾ ಅನ್ನುವ ಕೋರ್, ಅಂದರೆ ಆ ಯಂತ್ರದ ವೇಷ ಹಾಕುವ ಭಾಗ, ಇಳಿಸಿಕೊಳ್ಳಿ. ಐಫೋನಿನವರಿಗೆ 2024ರ ಏಪ್ರಿಲ್‌ವರೆಗೆ ಆಪಲ್ ಬಾಗಿಲು ಮುಚ್ಚಿತ್ತು. ಈಗ ಡೆಲ್ಟಾ ಅನ್ನುವ ಎಮ್ಯುಲೇಟರ್ ಇದೆ.

ಗೇಮ್ ಫೈಲಿಗೆ ರೋಮ್ ಅನ್ನುತ್ತಾರೆ. ಸೂಪರ್ ಮಾರಿಯೋದ ರೋಮ್ ಬರೀ 40 ಕೆಬಿ, ವಾಟ್ಸಾಪಿನಲ್ಲಿ ಬರುವ ಒಂದು ಗುಡ್ ಮಾರ್ನಿಂಗ್ ಫೋಟೋ ಇದಕ್ಕಿಂತ ದೊಡ್ಡದು. ಆದರೆ ಎಲ್ಲಿಂದ ತರುವುದು? ಎಮ್ಯುಲೇಟರ್ ಇಟ್ಟುಕೊಳ್ಳುವುದು ತಪ್ಪಲ್ಲ. ಸಿಕ್ಕ ಸೈಟಿನಿಂದ ರೋಮ್ ಇಳಿಸುವುದು ಬೇರೆ ಮಾತು, ಅದು ಪೈರಸಿ. ನಮ್ಮ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್, ಸರಿಯಾಗಿ ಕೊಂಡ ಕಂಪ್ಯೂಟರ್ ಪ್ರೋಗ್ರಾಮಿಗೆ ಹಾಳಾದೀತೆಂದು ಒಂದು ಬ್ಯಾಕಪ್ ಮಾಡಿಕೊಳ್ಳಲು ಬಿಡುತ್ತದೆ. ಅಸಲಿ ಕ್ಯಾಸೆಟ್ ಇದ್ದವರು ಕಾರ್ಟ್ ರೀಡರ್ ಅನ್ನುವ ಸಾಧನದಿಂದ ರೋಮ್ ತೆಗೆದುಕೊಳ್ಳಬಹುದು. ನನ್ನ '9999 ಇನ್ 1' ತಾನೇ ಕಳ್ಳಮಾಲು, ಅದಕ್ಕೆ ಈ ನೆರಳು ಸಿಗುವುದಿಲ್ಲ.

ಕಾಂಟ್ರಾ ಗೇಮ್ ಬೇಕಿದ್ದವರಿಗೆ ಸುಲಭ. ಕೊನಾಮಿ 2019ರಲ್ಲಿ ಕಾಂಟ್ರಾ ಆನಿವರ್ಸರಿ ಕಲೆಕ್ಷನ್ ತಂದಿದೆ, ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಕೊಳ್ಳಬಹುದು. ಶುರುವಿನಲ್ಲಿ ಮೇಲೆ ಮೇಲೆ ಕೆಳಗೆ ಕೆಳಗೆ ಎಡ ಬಲ ಎಡ ಬಲ ಬಿ ಎ ಒತ್ತಿದರೆ 30 ಲೈಫ್. ಬೆರಳು ಮರೆತಿರಲಿಲ್ಲ! ಈಗಿನವರು ಇದೇ ಯಂತ್ರಕ್ಕೆ ಹೊಸದಾಗಿ ಬರೆದ ಗೇಮ್‌ಗಳೂ ಇವೆ. ಮೈಕ್ರೋ ಮೇಜಸ್ ಒಂದು, ಅದೂ ಮಾರಿಯೋದಂತೆ 40 ಕೆಬಿಯೊಳಗೇ. ಕೊಂಡರೆ ರೋಮ್ ಫೈಲೇ ಕೊಡುತ್ತಾರೆ.

ರೋಮ್ ಓಡಿತೆ? ಈಗ ನಮ್ಮ ಮುಖ್ಯ ಕೆಲಸ. ಮೆಸೆನ್ ಸೆಟ್ಟಿಂಗ್ಸ್‌ನಲ್ಲಿ ಎನ್‌ಇಎಸ್ ಒಳಗೆ ಹೋಗಿ. ರೀಜನ್ ಅನ್ನುವಲ್ಲಿ ಆಟೋ, ಎನ್‌ಟಿಎಸ್‌ಸಿ, ಪಾಲ್, ಡೆಂಡಿ ಎಂದು ಕಾಣುತ್ತದೆ. ಎಲ್ಲರೂ ಪಾಲ್ ಒತ್ತುತ್ತಾರೆ, ಅದು ಬೇಡ. ಪಾಲ್ ಅಂದರೆ ಯುರೋಪಿನ ಅಸಲಿ ಎನ್‌ಇಎಸ್, ಅದರಲ್ಲಿ ಪ್ರೊಸೆಸರ್ ಕೂಡ ನಿಧಾನ. ಡೆಂಡಿ ಒತ್ತಿ. ಡೆಂಡಿ 1992ರಲ್ಲಿ ರಷ್ಯಾದಲ್ಲಿ ಮಾರಾಟಕ್ಕೆ ಬಂದ ನಕಲಿ ಪೆಟ್ಟಿಗೆ, ನಮ್ಮವುಗಳ ಅಣ್ಣತಮ್ಮ. ಪಾಲ್ ದೇಶಗಳಿಗೆಂದು ಮಾಡಿದ ಆ ನಕಲಿಗಳಲ್ಲಿ ಪ್ರೊಸೆಸರಿನ ವೇಗ ಹೆಚ್ಚುಕಮ್ಮಿ ಜಪಾನಿನದ್ದೇ, ಚಿತ್ರ ಮಾತ್ರ 50. ಹಾಗಾಗಿ ಹಾಡಿನ ಶ್ರುತಿ ಇಳಿಯುವುದಿಲ್ಲ, ನಡೆ ಮಾತ್ರ ನಿಧಾನ. ರೆಟ್ರೋಆರ್ಕ್‌ನ ಆ ಎರಡೂ ಕೋರ್‌ಗಳಲ್ಲಿ ಇದೇ ಆಯ್ಕೆ ಇದೆ.

ಆಡಿಯೋ ಸೆಟ್ಟಿಂಗಿನಲ್ಲಿ ಇನ್ನೊಂದು ತಮಾಷೆ ಇದೆ. ಎಷ್ಟೋ ನಕಲಿ ಚಿಪ್‌ಗಳಲ್ಲಿ ಎರಡು ಬಗೆಯ ದನಿ ಅದಲುಬದಲಾಗಿತ್ತು, ಅದು ತಯಾರಿಕೆಯ ತಪ್ಪು. ಮೆಸೆನ್ ಆ ತಪ್ಪನ್ನೂ ಒಂದು ಟಿಕ್‌ನಲ್ಲಿ ಕೊಡುತ್ತದೆ, ಡ್ಯೂಟಿ ಸೈಕಲ್ ಸ್ವಾಪ್ ಅಂತ. ಹಾಕಿ ಕೇಳಿದೆ. ಎದೆ ಒಂದು ಸಲ ಧಸಕ್ ಅಂತು. ನಮ್ಮ ಹಾಲ್‌ನಲ್ಲಿ ಕೇಳುತ್ತಿದ್ದ ಸದ್ದು ಅದೇ.

ಮಾನಿಟರ್ 60ರಲ್ಲೇ ಇದ್ದರೆ 50ರ ಗೇಮ್ ಸಣ್ಣಗೆ ಕುಂಟುತ್ತದೆ. ಆಗುವುದಾದರೆ ಮಾನಿಟರನ್ನೂ 50 ಹರ್ಟ್ಸ್‌ಗೆ ತನ್ನಿ. ಯುಎಸ್‌ಬಿ ರಿಮೋಟ್ ಕೊಳ್ಳಿ, ಫೋನಿನ ಗಾಜು ಉಜ್ಜಿಕೊಂಡು ಮಾರಿಯೋ ಆಡುವುದು ಶಿಕ್ಷೆ. ಪರದೆಗೆ ಹಳೇ ಟಿವಿಯ ಗೆರೆ ಕೊಡುವ ಸಿಆರ್‌ಟಿ ಶೇಡರ್‌ಗಳಿವೆ, ಒಂದು ಹಾಕಿಕೊಂಡು ಬಿಡಿ. ಅವುಗಳಲ್ಲಿ ಯಾವುದು ಚೆನ್ನ ಅಂತ ಹುಡುಕುತ್ತಾ ನಾನು ಒಂದು ಭಾನುವಾರ ಕಳೆದೆ, ಗೇಮ್ ಆಡಲೇ ಇಲ್ಲ.

ಎಲ್ಲ ಸರಿಮಾಡಿ ಕೂತೆ. ಆ ಮೊದಲ ಗುಂಡಿ ಬಂತು. ಹಾರಿದೆ, ದಾಟಿದೆ. ಎರಡನೆಯದನ್ನೂ ದಾಟಿದೆ. ಬಾವುಟದ ಹತ್ತಿರ ಬರುವಾಗ ಪಕ್ಕದಲ್ಲಿ ಕೂತಿದ್ದ ಹುಡುಗ ತಲೆ ಕೆರೆದುಕೊಂಡ. "ಚಿಕ್ಕಪ್ಪ, ನಿಮ್ ಕಂಪ್ಯೂಟರ್ ಹ್ಯಾಂಗ್ ಆಗ್ತಿದೆ ಅನ್ಸುತ್ತೆ."