ಮನೆ ಬದಲಿಸುವಾಗ: ಲಾರಿ ಅಲುಗಿದರೂ ಡಬ್ಬದೊಳಗೆ ಅಲುಗಬಾರದು

ಬೆಂಗಳೂರಿನ ಎರಡು ಬೆಡ್‌ರೂಮಿನ ಬಾಡಿಗೆ ಮನೆಯ ಸಾಮಾನೆಲ್ಲ ಮಂಗಳೂರಿಗೆ ಹೊರಟಿದೆ ಅಂದುಕೊಳ್ಳಿ. ಸುಮಾರು 350 ಕಿ.ಮೀ. ದಾರಿ. ಹಾಸನದವರೆಗೆ ಚಿಂತೆಯಿಲ್ಲ, ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುವಾಗ ಒಂದೊಂದು ತಿರುವಿಗೂ ಲಾರಿಯೊಳಗಿನ ಡಬ್ಬಗಳು ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲುತ್ತವೆ. ಪಾತ್ರೆ ಒಡೆದರೆ ನಾವು ರಸ್ತೆಯ ಗುಂಡಿಯನ್ನು ಬೈಯುತ್ತೇವೆ. ಆದರೆ ಪಿಂಗಾಣಿ ತಟ್ಟೆ ಒಡೆಯುವುದು ಪಕ್ಕದ ತಟ್ಟೆ ತಾಗಿ. ಡಬ್ಬದೊಳಗೆ ಖಾಲಿ ಜಾಗ ಉಳಿದಿದ್ದರೆ ಮಾತ್ರ ಅದು ತಾಗುತ್ತದೆ. ಪ್ಯಾಕಿಂಗ್ ಅಂದರೆ ಹೆಚ್ಚಿನ ಪಾಲು ಆ ಖಾಲಿ ಜಾಗ ತುಂಬುವ ಕೆಲಸವೇ.

ದಿನ ಗೊತ್ತುಮಾಡುವುದು

ಏಪ್ರಿಲ್-ಮೇ ತಿಂಗಳಲ್ಲಿ ಶಾಲೆಗೆ ರಜೆ, ಎಲ್ಲರೂ ಆಗಲೇ ಮನೆ ಬದಲಿಸುತ್ತಾರೆ. ಆಷಾಢದಲ್ಲಿ ಯಾರೂ ಹೊಸ ಮನೆಯಲ್ಲಿ ಹಾಲುಕ್ಕಿಸುವುದಿಲ್ಲ. ಹಾಗಾಗಿ ಆಗ ಲಾರಿ, ಆಳು ಎರಡೂ ಸುಲಭವಾಗಿ ಸಿಗುತ್ತವೆ, ದರದಲ್ಲಿ ಚೌಕಾಸಿಯೂ ನಡೆಯುತ್ತದೆ. ಶಾಸ್ತ್ರ ನೋಡದವರಿಗೆ ಒಳ್ಳೆಯ ಕಾಲ ಅನ್ನಬಹುದು, ಆದರೆ ಕರಾವಳಿಗೆ ಹೋಗುವವರಿಗೆ ಅಲ್ಲ. ಜುಲೈ ಮಳೆಗೆ ಸಕಲೇಶಪುರದ ಬಳಿಯ ದೋಣಿಗಲ್‌ನಲ್ಲಿ ಗುಡ್ಡ ಕುಸಿದು ಶಿರಾಡಿ ಬಂದ್ ಆದ ವರ್ಷಗಳಿವೆ. ಲಾರಿ ಅರ್ಧ ದಾರಿಯಲ್ಲಿ ಟಾರ್ಪಾಲಿನ್ ಹೊದ್ದು ನಿಂತರೆ ಹಾಸಿಗೆಗೆ ನೀರಿಳಿಯುವುದು ಖಂಡಿತ.

ಪ್ಯಾಕರ್ಸ್‌ನವರನ್ನು ಮನೆಗೇ ಕರೆಸಿ, ಅಟ್ಟದ ಮೇಲಿರುವುದನ್ನೂ ಸೇರಿಸಿ ಎಲ್ಲವನ್ನೂ ತೋರಿಸಿ, ಪಟ್ಟಿ ಸಮೇತ ದರ ಬರೆಸಿಕೊಳ್ಳಿ. ಫೋನಿನಲ್ಲಿ ಹೇಳಿದ ಕಡಿಮೆ ದರ ಸಾಮಾನು ಲಾರಿ ಹತ್ತಿದ ಮೇಲೆ ‘ಸಾಮಾನು ಜಾಸ್ತಿ ಇದೆ ಸರ್’ ಎಂಬ ಮಾತಿನೊಂದಿಗೆ ಏರುವುದು ಈ ವ್ಯವಹಾರದ ಹಳೇ ಚಾಳಿ. ಮೂರು ಪ್ರಶ್ನೆ ತಪ್ಪದೆ ಕೇಳಿ. ಲಾರಿ ನಿಮ್ಮೊಬ್ಬರದೋ, ಬೇರೆಯವರ ಸಾಮಾನೂ ಸೇರುತ್ತದೋ? ಸೇರುವುದಾದರೆ ಗೋಡೌನಿನಲ್ಲಿ ಒಮ್ಮೆ ಇಳಿಸಿ ಮತ್ತೆ ಹೇರುತ್ತಾರೆ, ಪೆಟ್ಟು ಬೀಳುವ ಸಂದರ್ಭ ಇಮ್ಮಡಿ. ಮಹಡಿ ಹತ್ತಿಸುವ ಕೂಲಿ ಇದರಲ್ಲೇ ಇದೆಯೋ? ಇನ್ಶೂರೆನ್ಸ್ ಇದ್ದರೆ ಪಾಲಿಸಿಯ ಪ್ರತಿ ಎಲ್ಲಿ? ಬಾಯಿಮಾತಿನ ಇನ್ಶೂರೆನ್ಸ್ ಇಟ್ಟುಕೊಂಡು, ಬಿಲ್ಟಿಯ (ಸಾಗಣೆ ರಸೀತಿಯ) ಮೇಲೆ ಮಾತ್ರ ‘ಸಾಮಾನಿನ ಮಾಲೀಕರ ಹೊಣೆಯಲ್ಲಿ’ ಎಂದು ಅಚ್ಚು ಹಾಕಿಸಿರುವವರಿದ್ದಾರೆ. ಇನ್ನೊಂದು ಮಾತು: ಬಳಸಿದ ಮನೆ ಸಾಮಾನಿಗೆ ಇ-ವೇ ಬಿಲ್ (ಜಿಎಸ್‌ಟಿಯಡಿ ಸರಕು ಸಾಗಣೆಗೆ ಮಾಡಿಸುವ ಪತ್ರ) ಬೇಕಿಲ್ಲ. ಅದರ ಹೆಸರಿನಲ್ಲಿ ದುಡ್ಡು ಕೇಳಿದರೆ ಕೊಡಬೇಡಿ.

ಅಪಾರ್ಟ್‌ಮೆಂಟ್ ಆದರೆ ಎರಡೂ ಕಡೆ ಸರ್ವಿಸ್ ಲಿಫ್ಟ್ ಮೊದಲೇ ಕಾಯ್ದಿರಿಸಿ. ಭಾನುವಾರ ಸಾಮಾನು ಸಾಗಿಸಲು ಬಿಡದ ಸಂಘಗಳೂ ಉಂಟು.

ಮೂರು ವಾರ ಮುಂಚೆ: ಗ್ಯಾಸ್, ಕರೆಂಟು

ತುಂಬಿದ ಸಿಲಿಂಡರನ್ನು ಲಾರಿಗೆ ಹೇರುವಂತಿಲ್ಲ. ಅದೇ ಊರಿನೊಳಗೆ ಮನೆ ಬದಲಿಸುವವರು ಸಂಪರ್ಕವನ್ನು ಹೊಸ ವಿತರಕರಿಗೆ ವರ್ಗಾಯಿಸಿಕೊಂಡರೆ ಸಾಕು. ಬೇರೆ ಊರಿಗಾದರೆ ಸಿಲಿಂಡರ್, ರೆಗ್ಯುಲೇಟರ್ ಎರಡನ್ನೂ ಒಪ್ಪಿಸಿ, ಠೇವಣಿ ವಾಪಸ್ ಪಡೆದು, ಸಂಪರ್ಕ ಮುಗಿಸಿದ್ದಕ್ಕೆ ಕೊಡುವ ಟರ್ಮಿನೇಷನ್ ವೋಚರ್ ತೆಗೆದುಕೊಳ್ಳಬೇಕು. ಹೊಸ ಊರಿನಲ್ಲಿ ಅದನ್ನು ತೋರಿಸಿ ಈಗಿನ ಠೇವಣಿ ಕಟ್ಟಿದರೆ ಸಂಪರ್ಕ ಸಿಗುತ್ತದೆ. ಸಂಪರ್ಕ ಪಡೆದಾಗ ಕೊಟ್ಟಿದ್ದ ಸಬ್‌ಸ್ಕ್ರಿಪ್ಷನ್ ವೋಚರ್ ಕಳೆದಿದ್ದರೆ ಅಫಿಡವಿಟ್ ಮಾಡಿಸುವ ಓಡಾಟವಿರುತ್ತದೆ. ಆ ಕಾಗದವನ್ನು ಈಗಲೇ ಹುಡುಕಿಡಿ.

ಗೃಹಜ್ಯೋತಿ ಪಡೆಯುತ್ತಿದ್ದರೆ ಹಳೆ ಮನೆಯ ವಿದ್ಯುತ್ ಸಂಪರ್ಕದ ಆರ್‌ಆರ್ ಸಂಖ್ಯೆಯಿಂದ ನಿಮ್ಮ ಆಧಾರನ್ನು ಸೇವಾಸಿಂಧು ಪೋರ್ಟಲಿನಲ್ಲಿ ಡಿ-ಲಿಂಕ್ ಮಾಡಿ. ಇಲ್ಲವಾದರೆ ಹೊಸ ಮನೆಯ ಮೆಸ್ಕಾಂ ಮೀಟರಿಗೆ ಅರ್ಜಿ ಹಾಕುವಾಗ ತೊಡಕಾಗುತ್ತದೆ. ಮನೆ ಖಾಲಿ ಮಾಡುವ ದಿನ ಮೀಟರಿನ ರೀಡಿಂಗಿಗೊಂದು ಫೋಟೊ, ಪ್ರತಿ ಗೋಡೆಗೂ ವಿಡಿಯೊ. ಪೇಂಟಿಂಗ್ ಲೆಕ್ಕಕ್ಕೆ ಮನೆ ಮಾಲೀಕರು ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದು ಬೆಂಗಳೂರಿನ ವಾಡಿಕೆ. ಅದರ ಮೇಲೆ ಇನ್ನಷ್ಟು ಮುರಿಯಲು ಬಂದರೆ ಆ ವಿಡಿಯೊ ಬೇಕಾಗುತ್ತದೆ.

ಡಬ್ಬ ಎಷ್ಟು, ಎಂಥವು

ಎರಡು ಬೆಡ್‌ರೂಮಿನ ಮನೆಗೆ ಸಾಮಾನ್ಯವಾಗಿ 35ರಿಂದ 45 ರಟ್ಟಿನ ಡಬ್ಬ ಹಿಡಿಯುತ್ತವೆ. 3-ಪ್ಲೈ ಅಂದರೆ ಒಂದೇ ಸುಕ್ಕು ಪದರ. ಬಟ್ಟೆ, ದಿಂಬು, ಪ್ಲಾಸ್ಟಿಕ್ ಸಾಮಾನಿಗೆ ಸರಿ. ಅಡುಗೆಮನೆ ಸಾಮಾನಿಗೂ ಪುಸ್ತಕಕ್ಕೂ ಎರಡು ಸುಕ್ಕು ಪದರದ 5-ಪ್ಲೈ ಬೇಕು. ಎರಡು ಇಂಚಿನ ಬ್ರೌನ್ ಟೇಪ್ ಎಂಟು ಸುರುಳಿ, ರದ್ದಿ ಪೇಪರ್ ಹತ್ತು ಕೆ.ಜಿ., ಸ್ಟ್ರೆಚ್ ಫಿಲ್ಮ್ ಎರಡು ಸುರುಳಿ, ದಪ್ಪ ಮಾರ್ಕರ್ ಎರಡು. ಬಬಲ್ ರ‍್ಯಾಪ್ ಗಾಜಿಗೆ, ಟಿವಿಗೆ ಮಾತ್ರ ಸಾಕು. ಉಳಿದದ್ದಕ್ಕೆಲ್ಲ ಹಳೆ ಸೀರೆ, ಪಂಚೆ, ಟವೆಲ್ ಇವೆ, ಹೇಗೂ ಅವೂ ಹೋಗಲೇಬೇಕು.

ಗಾಜಿನ ಲೋಟಕ್ಕೆ ವೈನ್ ಶಾಪಿನ 12 ಖಾನೆಯ ಡಬ್ಬಕ್ಕಿಂತ ಒಳ್ಳೆಯದಿಲ್ಲ. ಗಟ್ಟಿ ರಟ್ಟು, ನಡುವೆ ಅಡ್ಡಗೋಡೆ, ಬೆಲೆ ಹತ್ತೋ ಇಪ್ಪತ್ತೋ. ಹೊಸ ಬೀದಿಯವರು ನೋಡಿ ಏನಂದುಕೊಂಡಾರು ಎಂಬ ಅಳುಕಿದ್ದರೆ ಒಳಗುಹೊರಗು ಮಗುಚಿ ಟೇಪ್ ಹಾಕಿ.

ಒಂದು ಡಬ್ಬ 15 ಕೆ.ಜಿ. ಮೀರಬಾರದು. ಮೀರಿದರೆ ಆಳು ಅದನ್ನು ಇಡುವುದಿಲ್ಲ, ಕೈಬಿಡುತ್ತಾನೆ. ಪುಸ್ತಕಕ್ಕೆ ಒಂದಡಿಯ ಪುಟ್ಟ ಡಬ್ಬ ಸಾಕು. ತಳದ ಸೀಳಿನ ಉದ್ದಕ್ಕೂ ಎರಡು ಎಳೆ ಟೇಪ್, ಎರಡೂ ಅಂಚಿನಲ್ಲಿ ಅಡ್ಡಕ್ಕೊಂದೊಂದು ಹಾಕಿ. ತಳ ಕಿತ್ತುಬರುವುದು ಬಹುಪಾಲು ಅಂಚಿನಿಂದಲೇ.

ಅಡುಗೆಮನೆ: ಅರ್ಧ ಕೆಲಸ ಇಲ್ಲೇ

ಡಬ್ಬದ ತಳಕ್ಕೆ ಮೂರು ಬೆರಳು ದಪ್ಪ ಪೇಪರ್ ಉಂಡೆ ಹಾಸಿ. ಪಿಂಗಾಣಿ ತಟ್ಟೆಗಳನ್ನು ಒಂದೊಂದಾಗಿ ಸುತ್ತಿ, ಕಪಾಟಿನಲ್ಲಿ ಪುಸ್ತಕ ನಿಲ್ಲಿಸುವಂತೆ ಅಂಚಿನ ಮೇಲೆ ನಿಲ್ಲಿಸಿ. ಮಲಗಿಸಿ ಪೇರಿಸಿದರೆ ಮೇಲಿನ ಭಾರವೆಲ್ಲ ಕೆಳಗಿನ ತಟ್ಟೆಯ ನಡುಭಾಗಕ್ಕೆ ಬಿದ್ದು ಅದೇ ಮೊದಲು ಸೀಳುತ್ತದೆ. ಬಿಳಿ ಪಿಂಗಾಣಿಗೆ ಮೊದಲ ಸುತ್ತು ಖಾಲಿ ಕಾಗದವಿರಲಿ. ಸುದ್ದಿಪತ್ರಿಕೆಯ ಶಾಯಿ ಹತ್ತುತ್ತದೆ. ತುಂಬಿದ ಮೇಲೆ ಡಬ್ಬವನ್ನು ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ಅಲುಗಿಸಿ. ಕಿಣಿ ಎಂದರೆ ಮತ್ತೆ ಬಿಚ್ಚಿ, ಎಲ್ಲಿ ಜಾಗವಿದೆಯೋ ಅಲ್ಲಿ ಪೇಪರ್ ತುರುಕಿ.

ಉಪ್ಪಿನಕಾಯಿ ಭರಣಿಯ ಎಣ್ಣೆ ಸೋರಿದರೆ ಡಬ್ಬದ ತಳ ನೆನೆದು ಕಿತ್ತುಹೋಗುತ್ತದೆ. ಬಾಯಿಗೆ ದಪ್ಪ ಪ್ಲಾಸ್ಟಿಕ್ ಹಾಳೆ ಇಟ್ಟು ಮೇಲೆ ಮುಚ್ಚಳ ಬಿಗಿಮಾಡಿ, ಟೇಪ್ ಸುತ್ತಿ, ಬಕೆಟ್ಟಿನೊಳಗೆ ನಿಲ್ಲಿಸಿ. ವೆಟ್ ಗ್ರೈಂಡರಿನ ಗುಂಡುಗಲ್ಲನ್ನು ಒಳಗೇ ಬಿಟ್ಟರೆ ಅದು ಪಾತ್ರೆಯೊಳಗೆ ಉರುಳಾಡಿ ಜಖಂ ಮಾಡುತ್ತದೆ. ಕಲ್ಲನ್ನು ಹೊರತೆಗೆದು ಗೋಣಿಯಲ್ಲಿ ಸುತ್ತಿ ಬೇರೆಯಾಗಿ ಹೇರಿ.

ಫ್ರಿಜ್, ವಾಷಿಂಗ್ ಮಷಿನ್, ಬೀರು

ಫ್ರಿಜ್ಜನ್ನು ಹಿಂದಿನ ದಿನವೇ ಆಫ್ ಮಾಡಿ ಬಾಗಿಲು ತೆರೆದಿಡಿ, ಹಿಂಬದಿಯ ತಟ್ಟೆಯ ನೀರು ಚೆಲ್ಲಿ. ಲಾರಿಯಲ್ಲಿ ನಿಂತೇ ಹೋಗಬೇಕು. ಮಲಗಿಸಿದರೆ ಕಂಪ್ರೆಸರಿನ ಎಣ್ಣೆ ಕೊಳವೆಗೆ ಹರಿಯುತ್ತದೆ. ಹಾಗೇ ಆನ್ ಮಾಡಿದರೆ ಎಣ್ಣೆಯಿಲ್ಲದೆ ಕಂಪ್ರೆಸರ್ ತಿರುಗಿ ಸುಟ್ಟೀತು. ನಿಂತೇ ಬಂದಿದ್ದರೆ ನಾಲ್ಕಾರು ಗಂಟೆ, ಮಲಗಿಸಿ ತಂದಿದ್ದರೆ ಒಂದು ದಿನ ಸುಮ್ಮನೆ ನಿಲ್ಲಿಸಿ ಆಮೇಲೆ ಪ್ಲಗ್ ಹಾಕಿ.

ಫ್ರಂಟ್‌ಲೋಡ್ ವಾಷಿಂಗ್ ಮಷಿನ್ನಿನ ಡ್ರಮ್ ಸ್ಪ್ರಿಂಗಿನ ಮೇಲೆ ತೂಗುತ್ತಿರುತ್ತದೆ. ಹೊಸದಾಗಿ ಬಂದಾಗ ಅದನ್ನು ಬಿಗಿಹಿಡಿದಿದ್ದ ಮೂರೋ ನಾಲ್ಕೋ ಟ್ರಾನ್ಸಿಟ್ ಬೋಲ್ಟ್‌ಗಳನ್ನು ನೂರರಲ್ಲಿ ತೊಂಬತ್ತು ಮನೆಯವರು ಎಸೆದಿರುತ್ತಾರೆ. ಹತ್ತು ದಿನ ಮುಂಚೆಯೇ ಸರ್ವಿಸ್ ಸೆಂಟರಿನಲ್ಲಿ ಆ ಮಾಡೆಲ್ಲಿನ ಬೋಲ್ಟ್ ಕೇಳಿ. ಬೋಲ್ಟಿಲ್ಲದೆ ಘಾಟಿ ಇಳಿದರೆ ಡ್ರಮ್ ಗೋಡೆಗೆ ಬಡಿದು ಶಾಕ್ ಅಬ್ಸಾರ್ಬರ್ ಹಾಳಾಗುತ್ತದೆ. ಮುಂಭಾಗದ ಕೆಳಗಿನ ಫಿಲ್ಟರ್ ಬಿಚ್ಚಿ ಉಳಿದ ನೀರನ್ನೂ ಹರಿಯಬಿಡಿ.

ಎಸಿ ಬಿಚ್ಚುವವರಿಗೆ ‘ಪಂಪ್‌ಡೌನ್ ಮಾಡಿ’ ಎನ್ನಿ. ಗ್ಯಾಸನ್ನೆಲ್ಲ ಹೊರಗಿನ ಯೂನಿಟ್ಟಿಗೆ ಎಳೆದು ವಾಲ್ವ್ ಮುಚ್ಚದಿದ್ದರೆ ಹೊಸ ಮನೆಯಲ್ಲಿ ಮತ್ತೆ ಗ್ಯಾಸ್ ತುಂಬಿಸುವ ಖರ್ಚು. ಯುಪಿಎಸ್ ಬ್ಯಾಟರಿಯಲ್ಲಿ ಆಸಿಡ್ ಇದೆ, ವಾಲಬಾರದು.

ಪಾರ್ಟಿಕಲ್ ಬೋರ್ಡಿನ ಮಂಚ, ವಾರ್ಡ್‌ರೋಬ್ ಬಿಚ್ಚಿ ಮತ್ತೆ ಜೋಡಿಸುವಾಗ ಸ್ಕ್ರೂ ತೂತು ಸಡಿಲವಾಗಿರುತ್ತದೆ. ಎರಡು ಬೆಂಕಿಕಡ್ಡಿಗೆ ಮರದ ಅಂಟು ಸವರಿ ತೂತಿಗಿಳಿಸಿ, ಒಣಗಿದ ಮೇಲೆ ಉಳಿದ ತುದಿ ಮುರಿದು ಸ್ಕ್ರೂ ಹಾಕಿದರೆ ಹಿಡಿಯುತ್ತದೆ. ಸ್ಕ್ರೂಗಳನ್ನು ಜಿಪ್ ಕವರಿನಲ್ಲಿ ಹಾಕಿ ಆ ಹಲಗೆಗೇ ಅಂಟಿಸಿ. ‘ಎಲ್ಲ ಸ್ಕ್ರೂ ಒಂದೇ ಡಬ್ಬಕ್ಕೆ’ ಎಂದರೆ ಆ ಡಬ್ಬವನ್ನೇ ಹುಡುಕುತ್ತ ಕೂರಬೇಕಾಗುತ್ತದೆ. ಬೀರುವಿನ ಕನ್ನಡಿಯ ಮೇಲೆ ಟೇಪನ್ನು ಗುಣಾಕಾರ ಚಿಹ್ನೆಯಂತೆ ಹಚ್ಚಿ. ಒಡೆಯದಂತೆ ಅದು ತಡೆಯುವುದಿಲ್ಲ, ಒಡೆದರೆ ಚೂರು ಚೆಲ್ಲಾಪಿಲ್ಲಿಯಾಗದು ಅಷ್ಟೆ.

ಹೇರುವ ದಿನ

ಡಬ್ಬದ ನಂಬರನ್ನು ಮೇಲ್ಭಾಗಕ್ಕೆ ಬರೆಯಬೇಡಿ, ಪೇರಿಸಿದ ಮೇಲೆ ಕಾಣುವುದಿಲ್ಲ. ಎರಡು ಪಕ್ಕಕ್ಕೆ ಬರೆದು, ‘17 – ಅಡುಗೆಮನೆ – ಸ್ಟೀಲ್ ಡಬ್ಬ, ಚಕ್ಕುಲಿ ಒರಳು’ ಎಂದು ನೋಟ್‌ಬುಕ್ಕಿನಲ್ಲೂ ಇರಲಿ. ಡಬ್ಬದ ಮೇಲೆ ‘ಬೆಳ್ಳಿ’ ಎಂದಂತೂ ಬರೆಯಲೇಬೇಡಿ. ಚಿನ್ನ, ಬೆಳ್ಳಿ, ಪತ್ರಗಳು ನಿಮ್ಮ ಕೈಚೀಲದಲ್ಲೇ ಬರಬೇಕು. ಭಾರದ ಸಾಮಾನು ಕ್ಯಾಬಿನ್ ಕಡೆಗೆ, ಫ್ರಿಜ್ ಗೋಡೆಗೆ ಒತ್ತಿಕಟ್ಟಿ, ಹಾಸಿಗೆಗಳು ಫ್ರಿಜ್-ಬೀರುಗಳ ನಡುವೆ. ಬೈಕಿನ ಪೆಟ್ರೋಲ್ ಮೊದಲೇ ಖಾಲಿ ಮಾಡಿರಬೇಕು.

ಮೊದಲ ರಾತ್ರಿಯ ಡಬ್ಬ ಎಲ್ಲಕ್ಕಿಂತ ಕೊನೆಗೆ ಹತ್ತಿ ಎಲ್ಲಕ್ಕಿಂತ ಮೊದಲು ಇಳಿಯಬೇಕು. ಬೆಡ್‌ಶೀಟ್, ಬಕೆಟ್, ಪೊರಕೆ, ಎಕ್ಸ್‌ಟೆನ್ಷನ್ ಬೋರ್ಡ್, ಒಂದು ಬಲ್ಬ್, ಸ್ಕ್ರೂಡ್ರೈವರ್, ಮಾತ್ರೆ, ಕಾಫಿಪುಡಿ, ಫಿಲ್ಟರ್. ಗ್ಯಾಸ್ ಸಂಪರ್ಕ ಅಂದೇ ಸಿಗದು, ಹಾಲುಕ್ಕಿಸಲು ಇಂಡಕ್ಷನ್ ಒಲೆಯೂ ಇರಲಿ. ಪಾತ್ರೆಯ ತಳಕ್ಕೆ ಅಯಸ್ಕಾಂತ ಹಿಡಿಯುತ್ತದೋ ಎಂದು ಮನೆಯಲ್ಲೇ ನೋಡಿಕೊಳ್ಳಿ. ಮುಹೂರ್ತ ಕಾಯುತ್ತಿರುವಾಗ ಒಲೆ ಬೀಪ್ ಎಂದು ಆರುತ್ತಿದ್ದರೆ ಅಜ್ಜಿಯ ಮುಖ ನೋಡಲಾಗದು.

ಇಳಿಸಿದ ಮೇಲೆ

ಬಾಗಿಲಲ್ಲಿ ಒಬ್ಬರು ನೋಟ್‌ಬುಕ್ ಹಿಡಿದು ನಂಬರ್ ಗುರುತು ಹಾಕುತ್ತ ನಿಲ್ಲಿ. ಜಜ್ಜಿದ ಡಬ್ಬ ಕಂಡರೆ ಆಳುಗಳ ಎದುರೇ ತೆರೆದು ಫೋಟೊ ತೆಗೆದು, ಹಾನಿಯನ್ನು ಡೆಲಿವರಿ ರಸೀತಿಯ ಮೇಲೆ ಬರೆದ ನಂತರವೇ ಸಹಿ ಹಾಕಿ. ‘ಎಲ್ಲ ಸರಿಯಿದೆ’ ಎಂದು ಸಹಿ ಮಾಡಿ ಮರುದಿನ ಫೋನ್ ಮಾಡಿದರೆ ಕ್ಲೇಮು ನಿಲ್ಲುವುದು ಕಷ್ಟ. ಕರಾವಳಿಯ ತೇವಕ್ಕೆ ರೇಷ್ಮೆ ಸೀರೆ, ಚರ್ಮದ ಚಪ್ಪಲಿಗಳಿಗೆ ಬೂಷ್ಟು ಬೇಗ ಹಿಡಿಯುತ್ತದೆ. ಆ ಡಬ್ಬಗಳನ್ನು ಮೊದಲ ವಾರದಲ್ಲೇ ಬಿಚ್ಚಿ.

ವಾಷಿಂಗ್ ಮಷಿನ್ ಮೊದಲ ಸಲ ಸ್ಪಿನ್ ಆಗುವಾಗ ಕುಣಿದು ಜಾಗ ಬಿಟ್ಟರೆ ಬಹುಶಃ ಟ್ರಾನ್ಸಿಟ್ ಬೋಲ್ಟ್ ತೆಗೆಯಲು ಮರೆತಿದ್ದೀರಿ. ಕೂಡಲೇ ನಿಲ್ಲಿಸಿ, ಬೋಲ್ಟ್ ಇದ್ದರೆ ಬಿಚ್ಚಿ. ಈ ಸಲ ಎಸೆಯದೆ ಕವರಿನಲ್ಲಿ ಹಾಕಿ ಮಷಿನ್ನಿನ ಬೆನ್ನಿಗೇ ಟೇಪ್ ಹಚ್ಚಿಡಿ.