ದಪ್ಪ ಮೈಯವರ ಭರತನಾಟ್ಯದ ಉಡುಪು: ಅಳತೆ ಅರಮಂಡಿಯಲ್ಲೇ ಕೊಡಿ

ಅತಿಸ್ಥೂಲ, ಅತಿಕೃಶ ಇಬ್ಬರನ್ನೂ ನಾಟ್ಯದ ಹಳೆಯ ಸಂಸ್ಕೃತ ಗ್ರಂಥ ಅಭಿನಯದರ್ಪಣ ಅಪಾತ್ರರ, ಅಂದರೆ ನೃತ್ಯಕ್ಕೆ ತಕ್ಕವರಲ್ಲದವರ, ಪಟ್ಟಿಗೆ ಸೇರಿಸಿದೆ. ಆ ಮಾತು ಹಿಡಿದು ಇಂದಿಗೂ ಹುಡುಗಿಯರನ್ನು ಹಿಂದಿನ ಸಾಲಿಗೆ ತಳ್ಳುವುದು ಅನ್ಯಾಯ. ‘ತೂಕ ಇಳಿಸಿ ಆಮೇಲೆ ಹೊಲಿಸು’ ಎಂದರೆ ಕೇಳಬೇಡಿ, ಈಗಿನ ಮೈಗೇ ಹೊಲಿಸಿ.

ನಿಂತು ಕೊಟ್ಟ ಅಳತೆ ಸಾಲದು. ಅರಮಂಡಿಯಲ್ಲಿ, ಅಂದರೆ ಮಂಡಿ ಹೊರಕ್ಕೆ ಮಡಿಸಿ ಅರ್ಧ ಕೂತು, ತೊಡೆಯ ಸುತ್ತಳತೆ ಕೊಡಿ. ಮುಂದಿನ ಸೊಂಟದಿಂದ ಕಾಲ ಸಂದಿಯಲ್ಲಿ ಹಾದು ಹಿಂದಿನ ಸೊಂಟದವರೆಗೂ ಟೇಪು ಹಿಡಿಸಿ, ಪೂರ್ಣಮಂಡಿಯಲ್ಲಿ (ಪೂರ್ತಿ ಕೆಳಕ್ಕೆ ಕೂತು) ಇನ್ನೊಮ್ಮೆ. ಈ ಉದ್ದ ಕಡಿಮೆಯಾದರೆ ಕೂತ ಕೂಡಲೇ ಪೈಜಾಮಾದ ಹಿಂಬದಿಯ ಹೊಲಿಗೆ ಬಿಟ್ಟುಕೊಳ್ಳುತ್ತದೆ.

ರವಿಕೆಯ ಎರಡೂ ಪಕ್ಕ 2 ಇಂಚು ಬಟ್ಟೆ ಒಳಗೆ ಉಳಿಸಲು ಹೇಳಿ. ತೋಳಿನ ಅಳತೆ ನಾಟ್ಯಾರಂಭದ ಭಂಗಿಯಲ್ಲಿ, ಎರಡೂ ಕೈ ಭುಜದ ಮಟ್ಟಕ್ಕೆ ಪಕ್ಕಕ್ಕೆ ಚಾಚಿದಾಗಿನದು. ಕಂಕುಳಲ್ಲಿ ಚೌಕದ ತುಂಡೊಂದನ್ನು ಕೂಡಿಸಿದರೆ ಕೈ ಎತ್ತಿದಾಗ ರವಿಕೆ ಮೇಲೇರುವುದಿಲ್ಲ.

ಬೀಸಣಿಗೆಗೆ, ಅಂದರೆ ಕೂತಾಗ ಕಾಲುಗಳ ನಡುವೆ ಅರಳುವ ಮುಂದಿನ ನೆರಿಗೆಯ ತುಂಡಿಗೆ, ನೆರಿಗೆ ಹೆಚ್ಚು ಹಾಕಿಸಿ. ಬಟ್ಟೆ ಕಡಿಮೆಯಾದರೆ ನಿಂತಾಗಲೂ ನೆರಿಗೆ ಬಾಯಿ ಬಿಟ್ಟೇ ಇರುತ್ತದೆ.