ಪುಸ್ತಕ, ವಿಡಿಯೊ, ವಾರ್ಡು: ನಾನು ಎಂಬಿಬಿಎಸ್ ಓದಿದ ಬಗೆ

ಯಾವುದನ್ನು ಪುಸ್ತಕದಲ್ಲಿ ಓದಬೇಕು, ಯಾವುದಕ್ಕೆ ವಿಡಿಯೊ ಸಾಕು ಎಂದು ಕಿರಿಯ ವಿದ್ಯಾರ್ಥಿಗಳು ಈಗಲೂ ಕೇಳುತ್ತಿರುತ್ತಾರೆ. ನಾನು ಪಾಲಿಸಿದ ಕ್ರಮ ಸರಳ. ಚಲನೆ ಇರುವ ವಿಷಯವನ್ನು ವಿಡಿಯೊದಲ್ಲಿ ನೋಡುತ್ತಿದ್ದೆ, ಕಾರಣ ಹುಡುಕಬೇಕಾದದ್ದನ್ನು ಪುಸ್ತಕದಲ್ಲಿ ಓದುತ್ತಿದ್ದೆ, ಕೈ ಮತ್ತು ಕಿವಿ ಕಲಿಯಬೇಕಾದದ್ದನ್ನು ವಾರ್ಡಿಗೆ ಬಿಡುತ್ತಿದ್ದೆ.

ಮೊದಲ ವರ್ಷದ ಭ್ರೂಣಶಾಸ್ತ್ರವನ್ನೇ ನೋಡಿ. ಭ್ರೂಣದ ಮಧ್ಯಕರುಳು ಸುಮಾರು ಆರನೇ ವಾರದಲ್ಲಿ ಹೊಕ್ಕುಳಬಳ್ಳಿಯೊಳಕ್ಕೆ ಚಾಚಿ, ಹತ್ತನೇ ವಾರದ ಹೊತ್ತಿಗೆ ಹೊಟ್ಟೆಗೆ ಮರಳುತ್ತದೆ. ಹೀಗೆ ಹೋಗಿ ಬರುವಷ್ಟರಲ್ಲಿ ತನಗೆ ರಕ್ತ ತರುವ ಸುಪೀರಿಯರ್ ಮೆಸೆಂಟರಿಕ್ ಅಪಧಮನಿಯ ಸುತ್ತ ಅಪ್ರದಕ್ಷಿಣವಾಗಿ 270 ಡಿಗ್ರಿ ತಿರುಗಿರುತ್ತದೆ. ಪುಟದ ಮೇಲಿನ ನಿಶ್ಚಲ ಚಿತ್ರಗಳಿಂದ ಈ ತಿರುವು ತಲೆಗೆ ಹತ್ತುವುದು ಕಷ್ಟ. ಅನಿಮೇಷನ್ ನೋಡಿದ ಮೇಲೆ ಸ್ಟೆತಾಸ್ಕೋಪಿನ ಕೊಳವೆಯನ್ನು ಮಡಚಿ, ನಾನೇ ತಿರುಗಿಸಿ ನೋಡುತ್ತಿದ್ದೆ. ದೊಡ್ಡಕರುಳು ಸಣ್ಣಕರುಳಿನ ಮೊದಲ ಭಾಗವಾದ ಡ್ಯುಯೊಡಿನಮ್‌ನ ಮುಂದೆಯೇ ಏಕೆ ಹಾದುಹೋಗುತ್ತದೆ ಎಂಬುದನ್ನು ಆಮೇಲೆ ಬಾಯಿಪಾಠ ಮಾಡಬೇಕಾಗಿರಲಿಲ್ಲ.

ವಿಡಿಯೊ ಮುಗಿದೊಡನೆ ಎಲ್ಲ ಅರ್ಥವಾಯಿತು ಅನ್ನಿಸುತ್ತದೆ. ಆ ಭಾವನೆಯನ್ನು ನಂಬಬಾರದು. ಲ್ಯಾಪ್‌ಟಾಪ್ ಮುಚ್ಚಿ, ಬಿಳಿ ಹಾಳೆಯ ಮೇಲೆ ನೆನಪಿನಿಂದಲೇ ಚಿತ್ರ ಬರೆಯುತ್ತಿದ್ದೆ. ಕೈ ನಿಂತ ಜಾಗವನ್ನು ಮಾತ್ರ ಪುಸ್ತಕದಲ್ಲಿ ಹುಡುಕುತ್ತಿದ್ದೆ. ಮತ್ತೆ ಮತ್ತೆ ಓದಿದವರಿಗಿಂತ ತಮ್ಮನ್ನು ತಾವೇ ಪರೀಕ್ಷಿಸಿಕೊಂಡವರಿಗೆ ವಾರದ ನಂತರ ಹೆಚ್ಚು ನೆನಪಿರುತ್ತದೆ ಎಂದು ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲೇ ತೋರಿಸಿದ್ದಾರೆ. ಪ್ರಶ್ನೋತ್ತರದ ಕಾರ್ಡುಗಳನ್ನು ಆಗಾಗ ಮುಂದಿಟ್ಟು ನೆನಪನ್ನು ಪರೀಕ್ಷಿಸುವ ಆಂಕಿ ಆ್ಯಪ್ ಬಳಸಿದ್ದೂ ಇದೇ ಕಾರಣಕ್ಕೆ. ಆದರೆ ಕಾರ್ಡುಗಳನ್ನು ನಾನೇ ಬರೆದುಕೊಂಡೆ. ಅಮೆರಿಕದ ಪರೀಕ್ಷೆಗಾಗಿ ಸಿದ್ಧವಾದ ಕಾರ್ಡುಗಳಲ್ಲಿ ನಮ್ಮ ವಾರ್ಡಿಗೆ ಬರುವ ರೋಗಿ ಎಲ್ಲಿ ಸಿಗುತ್ತಾನೆ? ರಕ್ತ ಹೆಪ್ಪುಗಟ್ಟದಂತೆ ಮಾಡುವ ವಿಷವಿರುವ ಕೊಳಕುಮಂಡಲ ಹಾವಿನಿಂದ ಕಚ್ಚಿಸಿಕೊಂಡು ಬಂದ ರೈತನ ರಕ್ತವನ್ನು ಒಣಗಿದ, ಶುಭ್ರವಾದ ಗಾಜಿನ ನಳಿಕೆಯಲ್ಲಿ ಅಲುಗಿಸದೆ 20 ನಿಮಿಷ ಇಟ್ಟು, ಹೆಪ್ಪುಗಟ್ಟಿದೆಯೇ ಎಂದು ಓರೆ ಮಾಡಿ ನೋಡುವ ಪರೀಕ್ಷೆಯನ್ನು ನಾನು ಕಲಿತದ್ದು ತುರ್ತು ವಿಭಾಗದಲ್ಲಿ, ಹಿರಿಯರ ಪಕ್ಕದಲ್ಲಿ ನಿಂತು. ಕೀಟನಾಶಕ ಕುಡಿದವರ ಚಿಕಿತ್ಸೆಯನ್ನು ಕಲಿತದ್ದೂ ಅಲ್ಲಿಯೇ.

ಇನ್ನು ಕ್ಷಯದಂಥ ರೋಗಗಳ ಚಿಕಿತ್ಸಾ ಕ್ರಮಕ್ಕೆ ಮುದ್ರಿತ ಪುಸ್ತಕವನ್ನೇ ನಂಬಿ ಕೂರುವಂತಿಲ್ಲ. ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ವಾರಕ್ಕೆ ಮೂರು ದಿನದ ಮಾತ್ರೆಯನ್ನು ಬಿಟ್ಟು, ತೂಕಕ್ಕೆ ತಕ್ಕ ದಿನನಿತ್ಯದ ಮಾತ್ರೆಗೆ ಬಂದಾಗಲೂ ಹಳೆಯ ಆವೃತ್ತಿಗಳು ಗ್ರಂಥಾಲಯದಲ್ಲಿ ಹಾಗೆಯೇ ಉಳಿದಿದ್ದವು. ಸರ್ಕಾರದ ಮಾರ್ಗಸೂಚಿಯನ್ನು ಆನ್‌ಲೈನಿನಲ್ಲಿ ನೋಡಿ, ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ತಿದ್ದಿಕೊಳ್ಳುತ್ತಿದ್ದೆ.

ಹೃದಯದ ಸದ್ದುಗಳನ್ನು ಕಲಿತ ಬಗೆಯನ್ನು ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕು. ಮೈಟ್ರಲ್ ಸ್ಟೆನೋಸಿಸ್‌ನ, ಅಂದರೆ ಹೃದಯದ ಎಡಭಾಗದ ಕವಾಟ ಕಿರಿದಾದಾಗಿನ, ಮರ್ಮರ್ ಎಂಬ ಹೆಚ್ಚುವರಿ ಸದ್ದು ಇಯರ್‌ಫೋನಿನಲ್ಲಿ ಬಹಳ ಸ್ಪಷ್ಟ. ವಾರ್ಡಿನಲ್ಲಿ ಫ್ಯಾನಿನ ಸದ್ದು, ಪಕ್ಕದ ಮಂಚದ ಕೆಮ್ಮು, ರೋಗಿಯ ಉಸಿರು ಎಲ್ಲವೂ ಸೇರಿಕೊಳ್ಳುತ್ತವೆ. ರೋಗಿಯನ್ನು ಎಡಮಗ್ಗುಲಿಗೆ ಹೊರಳಿಸಿ, ಹೃದಯದ ತುದಿಯ ಮೇಲೆ ಸ್ಟೆತಾಸ್ಕೋಪಿನ ಗಂಟೆಯಾಕಾರದ ಬೆಲ್ ಭಾಗವನ್ನು ಹಗುರವಾಗಿ ಇಡಬೇಕು. ಉಸಿರು ಬಿಟ್ಟು ಹಿಡಿಯಲು ಹೇಳಿ, ಕತ್ತಿನ ನಾಡಿಯ ಮೇಲೆ ಬೆರಳಿಟ್ಟು ಕೇಳಬೇಕು. ಬೆಲ್ ಒತ್ತಿದರೆ ಆ ತಗ್ಗು ದನಿ ಮಾಯವಾಗುತ್ತದೆ. ಎಷ್ಟು ಒತ್ತಬಾರದು ಎಂಬುದನ್ನು ಯಾವ ಪರದೆಯೂ ಕಲಿಸಲಾರದು. ಹಿಂದಿನ ರಾತ್ರಿ ಧ್ವನಿಮುದ್ರಣ, ಬೆಳಿಗ್ಗೆ ರೋಗಿ, ಸಂಜೆ ಪುಸ್ತಕ: ಈ ವಿಷಯಕ್ಕೆ ನಾನು ಇಟ್ಟುಕೊಂಡ ಸರದಿ ಇದು.

ಸ್ನಾತಕೋತ್ತರ (ಪಿಜಿ) ಪ್ರವೇಶ ಪರೀಕ್ಷೆಯ ಒತ್ತಡ ನನಗೂ ಗೊತ್ತು, ಪ್ರಶ್ನೆಗಳ ಆ್ಯಪ್‌ಗಳನ್ನು ನಾನೂ ಬಳಸಿದ್ದೇನೆ. ಆದರೂ ವಾರ್ಡಿನ ಹೊತ್ತನ್ನು ಕತ್ತರಿಸಿ ಹಾಸ್ಟೆಲಿನಲ್ಲಿ ವಿಡಿಯೊ ನೋಡುವವರನ್ನು ಕಂಡಾಗ ಸಂಕಟವಾಗುತ್ತದೆ. ವಿಡಿಯೊ ನಡುರಾತ್ರಿಯಲ್ಲೂ ಸಿಗುತ್ತದೆ. ಆ ಮರ್ಮರ್ ಇರುವ ರೋಗಿ ನಾಳೆಯೇ ಡಿಸ್‌ಚಾರ್ಜ್ ಆಗಿ ಊರಿಗೆ ಹೋಗಿರಬಹುದು.